ಹಳೆಯ ಜೀಪಿಗೆ ಮರುಜೀವ: ಮೊದಲು ನಿಲ್ಲಲು ಕಲಿಸಿ, ಆಮೇಲೆ ಓಡಲು



ಮಲೆನಾಡಿನಲ್ಲಾಗಲಿ ಕೊಡಗಿನಲ್ಲಾಗಲಿ, ತೋಟದ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಂದು ಹಳೆಯ ಜೀಪು ಧೂಳು ಹಿಡಿದು ನಿಂತಿರುವುದು ಅಪರೂಪದ ದೃಶ್ಯವೇನಲ್ಲ. ಅಜ್ಜನ ಕಾಲದಲ್ಲಿ ಕೊಂಡದ್ದು, ಅಪ್ಪನ ಕಾಲದಲ್ಲಿ ದುಡಿದದ್ದು, ನಮ್ಮ ಕಾಲದಲ್ಲಿ ಕೋಳಿ ಮೊಟ್ಟೆಯಿಡುವ ಜಾಗವಾದದ್ದು. ಗುಜರಿಗೆ ಕೊಡಲು ಮನಸ್ಸು ಬಾರದು, ರಿಪೇರಿ ಮಾಡಿಸಲು ಧೈರ್ಯ ಸಾಲದು. ಅಂಥ ಒಂದು ಜೀಪನ್ನು ನೆರೆಕರೆಯ ಮೂರು ಮನೆಯವರಾದ ನಾವು ಸೇರಿ ಎಬ್ಬಿಸಿ ನಿಲ್ಲಿಸಿದೆವು. ಒಮ್ಮೆ ತಪ್ಪು ಕ್ರಮದಲ್ಲಿ ಮಾಡಿ ಪೆಟ್ಟು ತಿಂದೆವು, ಎರಡನೆಯ ಸಲ ಸರಿಯಾದ ಕ್ರಮದಲ್ಲಿ ಮಾಡಿದೆವು. ಆ ಅನುಭವವನ್ನು ಸದಸ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ವಾಹನದ ಪರಿಚಯ

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ಅಮೆರಿಕದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಸೈನ್ಯಕ್ಕಾಗಿ ತಯಾರಿಸಿದ ಜೀಪೇ ಈ ವಂಶದ ಮೂಲ. ಸೈನ್ಯದ ದಾಖಲೆಯಲ್ಲಿ ಅದರ ಹೆಸರು 'ಕಾಲು ಟನ್ನಿನ ಟ್ರಕ್ಕು'. ಈ ಹೆಸರನ್ನು ನಾವು ಮರೆಯಬಾರದು. ಅಮೆರಿಕದ ಲೆಕ್ಕದಲ್ಲಿ ಕಾಲು ಟನ್ನೆಂದರೆ 500 ಪೌಂಡು, ಅಂದರೆ ಸುಮಾರು 227 ಕಿಲೋ. 50 ಕಿಲೋ ಚೀಲವಾದರೆ ನಾಲ್ಕೂವರೆ ಚೀಲ. ದುರ್ಗಮ ನೆಲದಲ್ಲಿ ಇಷ್ಟೇ ಹೊರೆಯೆಂದು ಅದನ್ನು ರೂಪಿಸಿದವರು ಎಣಿಸಿದ್ದರು. ನಾವಾದರೋ ಹತ್ತು ಚೀಲ ಹೇರಿ, ಮೇಲೆ ನಾಲ್ಕು ಜನರನ್ನೂ ಕೂರಿಸಿ, "ಜೀಪಲ್ಲವೇ, ತಡೆಯುತ್ತದೆ" ಎನ್ನುತ್ತೇವೆ.

ನಮ್ಮ ದೇಶದಲ್ಲಿ 1945ರಲ್ಲಿ ಸ್ಥಾಪನೆಯಾದ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಕಂಪೆನಿಯ ಪರವಾನಗಿಯಡಿ ಜೀಪುಗಳನ್ನು ಮೊದಲು ಬಿಡಿಭಾಗಗಳಿಂದ ಜೋಡಿಸಿತು, ಬರಬರುತ್ತ ಇಲ್ಲಿಯೇ ತಯಾರಿಸಿತು. ನಮ್ಮ ಹಳೆಯ ತೋಟಗಳಲ್ಲಿ ಕಾಣುವ ಎತ್ತರದ ಬಾನೆಟ್ಟಿನ ಜೀಪು ಸಿಜೆ-3ಬಿ ಎಂಬ ಮಾದರಿ. ಅಮೆರಿಕದಲ್ಲಿ ಇದು 1953ರಲ್ಲಿ ಹೊರಬಂತು. 1968ರಲ್ಲಿ ಅಲ್ಲಿ ನಿಂತ ಮೇಲೂ ನಮ್ಮಲ್ಲಿ ಮುಂದುವರಿಯಿತು. ಬಾನೆಟ್ಟು ಎತ್ತರವಾಗಲು ಕಾರಣ ಇಂಜಿನು. 2.2 ಲೀಟರಿನ ಈ ಪೆಟ್ರೋಲ್ ಇಂಜಿನಿನಲ್ಲಿ ಗಾಳಿ ಎಳೆಯುವ ವಾಲ್ವುಗಳು ಹೆಡ್ಡಿನಲ್ಲಿವೆ, ಹೊಗೆ ಬಿಡುವ ವಾಲ್ವುಗಳು ಕೆಳಗೆ ಬ್ಲಾಕಿನಲ್ಲಿವೆ. ಹೀಗಾಗಿ ಇಂಜಿನಿನ ಎತ್ತರ ಹೆಚ್ಚಾಯಿತು, ಅದನ್ನು ಮುಚ್ಚುವ ಬಾನೆಟ್ಟೂ ಏರಿತು. ಮುಂದೆ ಡೀಸೆಲ್ ಜೀಪುಗಳು ಬಂದವು. ಇಂಜಿನು ಬದಲಾದರೂ ಚಾಸಿ, ಕಮಾನುಪಟ್ಟೆ, ನಾಲ್ಕು ಚಕ್ರದ ಎಳೆತ ಇವುಗಳ ತತ್ವ ಬಹುಮಟ್ಟಿಗೆ ಒಂದೇ. ನಮ್ಮದು ಪೆಟ್ರೋಲ್ ಸಿಜೆ-3ಬಿ. ಅದು ಒಂಬತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು.

ನಾವು ಮಾಡಿದ ತಪ್ಪು

ಎಲ್ಲರೂ ಮಾಡುವ ತಪ್ಪನ್ನೇ ನಾವೂ ಮಾಡಿದೆವು. ಮೊದಲು ಇಂಜಿನು ಬಿಚ್ಚಿದೆವು. ಅದು ಗುಡುಗುಟ್ಟಿ ಎದ್ದ ದಿನ ಮೂರು ಮನೆಯಲ್ಲೂ ಪಾಯಸ. ಆಮೇಲೆ ಬಣ್ಣ, ಆಮೇಲೆ ಹಲ್ಲು ದಪ್ಪದ ಎತ್ತರದ ಟೈರು. ಬ್ರೇಕಿಗೆ ಎಣ್ಣೆ ಹಾಕಿ ತುಳಿದು ನೋಡಿದೆವು. ಅಂಗಳದಲ್ಲಿ ನಿಂತಿತು, ಸಾಕೆಂದುಕೊಂಡೆವು.

ಅಡಿಕೆ ಕೊಯ್ಲಿನ ಕಾಲ. ನಮ್ಮ ತೋಟದಿಂದ ಡಾಂಬರು ರಸ್ತೆಗೆ ಎರಡು ಮೈಲಿ. ನಡುವೆ ಒಂದು ಹಳ್ಳ, ಅದನ್ನು ದಾಟಿ ಗುಡ್ಡ ಹತ್ತಿದರೆ ಆಚೆಗೆ ಕಡಿದಾದ ಇಳಿಜಾರು. ಬಲಕ್ಕೆ ದರೆ, ಎಡಕ್ಕೆ ಕಣಿವೆ. ಚೀಲ ಹೇರಿಕೊಂಡು ಇಳಿಯುವಾಗ ಬ್ರೇಕು ತುಳಿದರೆ ಜೀಪು ನಿಲ್ಲುವ ಬದಲು ಬಲಕ್ಕೆ ಎಳೆದು ದರೆಗೆ ಗುದ್ದಿತು. ನಮ್ಮಲ್ಲೊಬ್ಬರ ಮುಂಗೈ ಮೂಳೆ ಮುರಿಯಿತು. ಎಡಕ್ಕೆ ಎಳೆದಿದ್ದರೆ ಈ ಲೇಖನ ಬರೆಯಲು ನಾವಿರುತ್ತಿರಲಿಲ್ಲ.

ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು. ಹಿಂದಿನ ಆಕ್ಸಲಿನ ಮೇಲೆ ಗಾಳಿಯಾಡಲು ಒಂದು ಸಣ್ಣ ರಂಧ್ರವಿರುತ್ತದೆ. ಇದಕ್ಕೆ ಬ್ರೀದರ್ ಎನ್ನುತ್ತಾರೆ. ಜೀಪು ನಿಂತಿದ್ದ ವರ್ಷಗಳಲ್ಲಿ ಕಡಜವೊಂದು ಅದರಲ್ಲಿ ಮಣ್ಣಿನ ಗೂಡು ಕಟ್ಟಿತ್ತು. ಆಕ್ಸಲು ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ, ಹೊರಬರಲು ದಾರಿಯಿಲ್ಲದೆ, ಎಣ್ಣೆಯನ್ನು ಎಡ ಚಕ್ರದ ಸೀಲಿನ ಮೂಲಕ ಹೊರದೂಡಿತ್ತು. ಆ ಚಕ್ರದ ಬ್ರೇಕು ಶೂ ಎಣ್ಣೆಯಲ್ಲಿ ನೆಂದಿತ್ತು. ಮುಂದಿನ ಎಡ ಚಕ್ರದ ಸಿಲಿಂಡರು ತುಕ್ಕಿನಿಂದ ಹಿಡಿದುಕೊಂಡಿತ್ತು. ಎಡಭಾಗಕ್ಕೆ ಬ್ರೇಕೇ ಇಲ್ಲ, ಬಲಕ್ಕೆ ಪೂರಾ ಇದೆ. ಒಂದು ಕಡಜದ ಗೂಡು ಹಾಗೂ ನಮ್ಮ ಅವಸರ, ಎರಡೂ ಸೇರಿ ಇಷ್ಟಾಯಿತು.

ಅಂದಿನಿಂದ ನಾವು ಕಲಿತ ಪಾಠ ಒಂದೇ: ಹಳೆಯ ಜೀಪಿಗೆ ಮೊದಲು ನಿಲ್ಲಲು ಕಲಿಸಬೇಕು, ಎರಡನೆಯದಾಗಿ ಹೇಳಿದ ಕಡೆ ತಿರುಗಲು ಕಲಿಸಬೇಕು, ಓಡಲು ಕಲಿಸುವುದು ಕೊನೆಗೆ. ದುಡ್ಡು ಖರ್ಚು ಮಾಡುವ ಕ್ರಮವೂ ಅದೇ ಆಗಿರತಕ್ಕದ್ದು. ಕೆಳಗಿನ ವಿವರಗಳನ್ನು ಆ ಕ್ರಮದಲ್ಲೇ ಕೊಟ್ಟಿದ್ದೇವೆ.

1. ಕಾಗದಪತ್ರ

ಸ್ಪ್ಯಾನರು ಹಿಡಿಯುವ ಮೊದಲು ನೋಂದಣಿ ಪುಸ್ತಕ ಹುಡುಕಿರಿ. ಚಾಸಿ ಸಂಖ್ಯೆ ಮತ್ತು ಇಂಜಿನ್ ಸಂಖ್ಯೆಗಳನ್ನು ತಂತಿ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ಓದಿ, ಪುಸ್ತಕದೊಡನೆ ತಾಳೆ ನೋಡಿರಿ. ಇವು ಹೊಂದದಿದ್ದರೆ ಮುಂದಿನ ಕೆಲಸಕ್ಕೆ ಒಂದು ಪೈಸೆಯನ್ನೂ ಹಾಕಬೇಡಿ. ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ. ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ. ಆಮೇಲೆ ವಾಹನವನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು.

ರೂಪ ಬದಲಿಸುವ ಆಸೆಯಿದ್ದವರು ಇನ್ನೊಂದು ಮಾತು ತಿಳಿದಿರಬೇಕು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪುಸ್ತಕದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಅಕ್ರಮವಾಗಿ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಮಾಡಲಾಯಿತು. ಮುಂದುಗಡೆ ಬಿಗಿಯುವ ದಪ್ಪ ಕಬ್ಬಿಣದ ಗಾರ್ಡನ್ನೂ ಕಾಯಿದೆಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರಲ್ಲಿ ರಾಜ್ಯಗಳಿಗೆ ತಿಳಿಸಿದೆ. ಇಂಜಿನು ಬದಲಿಸಲೇಬೇಕಾದರೆ ಮೊದಲು ಲಿಖಿತ ಅನುಮತಿ, ಆಮೇಲೆ ಕೆಲಸ. ಅಪಘಾತವಾದ ದಿನ ವಿಮಾ ಕಂಪೆನಿಯವರು ಮೊದಲು ಕೇಳುವುದು ಈ ಕಾಗದವನ್ನೇ.

2. ಚಾಸಿ

ಮನೆಗೆ ಅಡಿಪಾಯವಿದ್ದಂತೆ ಜೀಪಿಗೆ ಚಾಸಿ. ಬಾಡಿಯ ತಗಡು ತೂತಾದರೆ ತೇಪೆ ಹಾಕಬಹುದು, ಚಾಸಿ ಕೊಳೆತರೆ ಎಲ್ಲವೂ ವ್ಯರ್ಥ. ಸಣ್ಣ ಸುತ್ತಿಗೆ ಹಿಡಿದು ಉದ್ದಕ್ಕೂ ತಟ್ಟುತ್ತ ಹೋಗಿರಿ. ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ, ತುಕ್ಕು ತಿಂದದ್ದು ಬೊದ್ದೆನ್ನುತ್ತದೆ. ಕಮಾನುಪಟ್ಟೆಯ ಕೊಂಡಿಗಳು ಕೂಡುವ ಜಾಗ ಮತ್ತು ತೀರ ಹಿಂದಿನ ಅಡ್ಡಪಟ್ಟಿ, ಈ ಎರಡು ಕಡೆ ಕೆಸರು ಸೇರಿಕೊಂಡು ಒಳಗಿಂದಲೇ ತಿನ್ನುತ್ತದೆ.

ಚಾಸಿ ಸೊಟ್ಟಗಾಗಿದೆಯೇ ಎಂದು ನೋಡಲು ದೊಡ್ಡ ವರ್ಕ್‌ಶಾಪು ಬೇಕಿಲ್ಲ. ನಮ್ಮಲ್ಲಿ ಕಾಫಿ ಒಣಗಿಸುವ ಸಿಮೆಂಟು ಕಣವಿದೆ. ಜೀಪನ್ನು ಅದರ ಮೇಲೆ ನಿಲ್ಲಿಸಿ, ನಾಲ್ಕು ಮೂಲೆಯ ಕಮಾನುಪಟ್ಟೆ ಬೋಲ್ಟುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿರಿ. ಜೀಪನ್ನು ಸರಿಸಿ, ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಟೇಪಿನಿಂದ ಅಳೆಯಿರಿ. ಎರಡೂ ಸಮನಿದ್ದರೆ ಚಾಸಿ ನೆಟ್ಟಗಿದೆ. ನಮ್ಮದರಲ್ಲಿ ಅರ್ಧ ಅಂಗುಲ ವ್ಯತ್ಯಾಸ ಬಂತು. ಚಾಸಿ ಎಳೆದು ಸರಿಪಡಿಸುವವರಲ್ಲಿ ಕೊಟ್ಟು ನೇರ ಮಾಡಿಸಿದೆವು.

ತುಕ್ಕಿನ ಬಗ್ಗೆ ನಮ್ಮ ಬೆಳೆಗಾರರಿಗೇ ಮೀಸಲಾದ ಒಂದು ವಿಚಾರವಿದೆ. ಬೋರ್ಡೋ ದ್ರಾವಣ ತಯಾರಿಸುವಾಗ ಹದ ನೋಡಲು ಉಜ್ಜಿದ ಕತ್ತಿಯನ್ನು ಅದ್ದುತ್ತೇವಲ್ಲವೇ? ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ತಾಮ್ರದ ಕೆಂಪು ಹಿಡಿಯುತ್ತದೆ. ಅಂದರೆ ಕಬ್ಬಿಣ ಕರಗಿ, ಅದರ ಜಾಗದಲ್ಲಿ ತಾಮ್ರ ಕೂರುತ್ತದೆ ಎಂದರ್ಥ. ಮೈಲುತುತ್ತದ ಚೀಲವನ್ನೂ ದ್ರಾವಣದ ಡ್ರಮ್ಮನ್ನೂ ಜೀಪಿನಲ್ಲಿ ಹೊತ್ತು ತುಳುಕಿಸಿದಾಗ ಕತ್ತಿಗೆ ಆಗುವುದೇ ಜೀಪಿನ ನೆಲದ ತಗಡಿಗೂ ಆಗುತ್ತದೆ. ಪೊಟ್ಯಾಷ್ ಗೊಬ್ಬರವೂ ಉಪ್ಪಿನಂತೆ ತೇವ ಹಿಡಿದು ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ಜೀಪಿನ ಹಿಂಬದಿಯ ನೆಲ ಜರಡಿಯಾಗಿದ್ದುದಕ್ಕೆ ಮಳೆಗಿಂತ ಹೆಚ್ಚಾಗಿ ಇದೇ ಕಾರಣವೆಂದು ನಮ್ಮ ಅಭಿಪ್ರಾಯ. ಈಗ ನೆಲದ ಮೇಲೆ ಎತ್ತಿ ತೆಗೆಯಬಹುದಾದ ಮರದ ಪಟ್ಟಿಯ ಹಾಸನ್ನೂ ಅದರಡಿ ನೀರಿಳಿಯುವ ತೂತುಗಳನ್ನೂ ಮಾಡಿದ್ದೇವೆ. ಔಷಧಿ ಹೊತ್ತ ಸಂಜೆ ನೀರು ಹಾಕಿ ತೊಳೆಯುವುದು ಕಡ್ಡಾಯ.

ಬೆಸುಗೆಯ ಕೆಲಸಕ್ಕೆ ಮೊದಲು ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರ ಇಡತಕ್ಕದ್ದು. ಈ ಜೀಪುಗಳಲ್ಲಿ ಟ್ಯಾಂಕು ಚಾಲಕನ ಸೀಟಿನ ಅಡಿಯಲ್ಲೇ ಇದೆ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಏಕೆಂದರೆ ಒಳಗೆ ತುಂಬಿರುವ ಆವಿ ಕಿಡಿ ತಗುಲಿದರೆ ಸಿಡಿಯುತ್ತದೆ. ಬ್ಯಾಟರಿಯನ್ನೂ ಬಿಚ್ಚಿಡಿ. ಕಮಾನುಪಟ್ಟೆಗೆ ಎಂದೂ ಬೆಸುಗೆ ಹಾಕಿಸಬೇಡಿ. ಅದರ ಉಕ್ಕಿನ ಹದ ಬೆಂಕಿಯಲ್ಲಿ ಹಾಳಾಗಿ, ಬೆಸುಗೆಯ ಪಕ್ಕದಲ್ಲೇ ಮುರಿಯುತ್ತದೆ.

3. ಬ್ರೇಕು

ಈ ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ನಾಲ್ಕಕ್ಕೂ ಸೇರಿ ಒಂದೇ ಎಣ್ಣೆಯ ದಾರಿ. ಎಲ್ಲಿಯಾದರೂ ಒಂದು ಕೊಳವೆ ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೆ ಹೋಗುತ್ತದೆ. ಆದುದರಿಂದ ಇಲ್ಲಿ 'ಸದ್ಯಕ್ಕೆ ನಡೆಯುತ್ತದೆ' ಎಂಬ ಮಾತಿಗೆ ಎಡೆಯಿಲ್ಲ. ಮಾಸ್ಟರ್ ಸಿಲಿಂಡರು ಪಾದದ ಕೆಳಗೆ, ನೆಲದ ತಗಡಿನ ಅಡಿಯಲ್ಲಿದೆ. ಕಣ್ಣಿಗೆ ಬೀಳದ ಕಾರಣ ಎಣ್ಣೆ ಕಡಿಮೆಯಾದದ್ದು ತಿಳಿಯುವುದೇ ಇಲ್ಲ. ಉಗುಳುವ ಕೆಸರೆಲ್ಲ ಅದರ ಮೇಲೆಯೇ.

ನಾವು ಮಾಡಿದ್ದು ಇಷ್ಟು: ಮಾಸ್ಟರ್ ಸಿಲಿಂಡರು, ನಾಲ್ಕು ಚಕ್ರದ ಸಿಲಿಂಡರುಗಳು, ಎಲ್ಲ ರಬ್ಬರು ಹೋಸುಗಳು, ಉಕ್ಕಿನ ಕೊಳವೆಗಳು, ಇವೆಲ್ಲ ಹೊಸತು. ಡ್ರಮ್ಮುಗಳನ್ನು ಲೇತಿನಲ್ಲಿ ಹಿಡಿಸಿ ದುಂಡಗಾಗಿವೆಯೇ ಎಂದು ನೋಡಿಸಿದೆವು. ಎಣ್ಣೆ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಅಭ್ಯಾಸ ಕೆಲವರಲ್ಲಿದೆ, ಅದು ಕೂಡದು. ಹೀರಿದ ಎಣ್ಣೆ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಹಳೆಯ ಶೂಗಳ ಲೈನಿಂಗಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಗಾಳಿ ಹೊಡೆದು ಧೂಳೆಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ನಮ್ಮ ಮಳೆಗಾಲದಲ್ಲಿ ಹೇಳಬೇಕಾದ್ದೇ ಇಲ್ಲ. ತೇವ ಸೇರಿದ ಎಣ್ಣೆ ಸಿಲಿಂಡರಿಗೆ ತುಕ್ಕು ಹಿಡಿಸುತ್ತದೆ, ಉದ್ದ ಇಳಿಜಾರಿನಲ್ಲಿ ಬಿಸಿಯಾದಾಗ ಒಳಗೆ ಆವಿ ಗುಳ್ಳೆ ಎದ್ದು ಪೆಡಲು ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿರಿ. ತುರ್ತಿನಲ್ಲಿಯೂ ಇಂಜಿನ್ ಎಣ್ಣೆಯನ್ನು ಅದರಲ್ಲಿ ಸುರಿಯಬೇಡಿ. ರಬ್ಬರು ಬಟ್ಟಲುಗಳೆಲ್ಲ ಊದಿ ಕೆಡುತ್ತವೆ.

ಕೈಬ್ರೇಕು ಚಕ್ರಕ್ಕಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿಗೆ. ಅದು ನಿಂತ ಜೀಪನ್ನು ಹಿಡಿದಿಡಲು ಮಾತ್ರ. ಓಡುವಾಗ ಎಳೆದರೆ ಶಾಫ್ಟಿನ ಜಾಯಿಂಟುಗಳಿಗೆ ಪೆಟ್ಟು. ಇಳಿಜಾರಿನಲ್ಲಿ ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡುವುದನ್ನು ಮರೆಯಬೇಡಿ.

ಕೊನೆಯದಾಗಿ ಬ್ರೀದರ್. ಹಿಂದಿನ ಮತ್ತು ಮುಂದಿನ ಆಕ್ಸಲುಗಳ ಬ್ರೀದರುಗಳನ್ನು ತಂತಿಯಿಂದ ಬಿಡಿಸಿ, ಅವಕ್ಕೆ ಸಣ್ಣ ರಬ್ಬರು ಕೊಳವೆ ಸೇರಿಸಿ ಬಾನೆಟ್ಟಿನ ಎತ್ತರಕ್ಕೆ ತಂದಿದ್ದೇವೆ. ಬಿಸಿ ಆಕ್ಸಲು ಹಳ್ಳದ ನೀರಿಗಿಳಿದಾಗ ತಟ್ಟನೆ ತಣಿದು ಒಳಕ್ಕೆ ಗಾಳಿ ಎಳೆಯುತ್ತದೆ. ಬ್ರೀದರ್ ನೀರಿನಡಿಯಲ್ಲಿದ್ದರೆ ಎಳೆಯುವುದು ನೀರನ್ನು. ಆಕ್ಸಲ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆಯೆಂದೇ ತಿಳಿಯಿರಿ.

4. ಸ್ಟಿಯರಿಂಗು ಮತ್ತು ಮುಂದಿನ ಆಕ್ಸಲು

ಮುಂದಿನ ಆಕ್ಸಲನ್ನು ಜಾಕಿನಿಂದ ಎತ್ತಿ, ಗಟ್ಟಿ ಮರದ ದಿಮ್ಮಿಯ ಮೇಲೆ ಕೂರಿಸಿರಿ. ಜಾಕನ್ನೇ ನಂಬಿ ಅಡಿಗೆ ನುಗ್ಗಬೇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿರಿ. ಆಡಿದರೆ ಒಬ್ಬರು ಬ್ರೇಕು ತುಳಿಯಲಿ. ಆಗ ಆಟ ನಿಂತರೆ ದೋಷ ಚಕ್ರದ ಬೇರಿಂಗಿನದು. ನಿಲ್ಲದಿದ್ದರೆ ಚಕ್ರ ತಿರುಗುವ ಕಿಂಗ್‌ಪಿನ್ನಿನದು. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಟೈರಾಡಿನ ತುದಿಗಳನ್ನು ನೋಡಿರಿ.

ಕಿಂಗ್‌ಪಿನ್ನಿನ ಬೇರಿಂಗುಗಳನ್ನು ಮುಚ್ಚಳದಡಿಯ ತೆಳು ಶಿಮ್ಮುಗಳಿಂದ ಬಿಗಿ ಮಾಡುವುದು. ಶಿಮ್ಮು ತೆಗೆದಷ್ಟೂ ಬಿಗಿ. ಸಡಿಲವಾಗಿದ್ದರೆ ವೇಗದಲ್ಲಿ ಗುಂಡಿಗೆ ಬಿದ್ದಾಗ ಮುಂದಿನ ಚಕ್ರಗಳು ದಡಬಡ ಒದರಾಡಲು ತೊಡಗಿ, ಸ್ಟಿಯರಿಂಗು ಕೈಯಿಂದ ಕಿತ್ತುಹೋಗುತ್ತದೆ. ಹಳೆಯ ಮಾದರಿಗಳಲ್ಲಿ ಮುಂದಿನ ಅಡ್ಡಪಟ್ಟಿಯ ಮೇಲಿರುವ ಬೆಲ್‌ಕ್ರಾಂಕ್ ಎಂಬ ತಿರುಗುತೋಳಿನ ಬುಶ್ಶು ಸವೆದರೂ ಇದೇ ಗತಿ. ಚಿಕ್ಕ ಭಾಗ, ಗ್ರೀಸು ಕಾಣದೆ ಸವೆಯುತ್ತದೆ. ಮುಂದಿನ ಚಕ್ರದ ದುಂಡು ಗೂಡಿನಿಂದ ಎಣ್ಣೆ ಸೋರುತ್ತಿದ್ದರೆ ಹೊರಗಿನ ಫೆಲ್ಟು ಸೀಲನ್ನಷ್ಟೇ ಬದಲಿಸಿ ಸುಮ್ಮನಾಗಬೇಡಿ. ಒಳಗಿನ ಆಕ್ಸಲ್ ಸೀಲು ಹೋಗಿ ಅಲ್ಲಿನ ಎಣ್ಣೆ ಇಲ್ಲಿಗೆ ಹರಿದಿರುವ ಸಂಭವವಿದೆ.

ಎರಡು ಸಣ್ಣ ಎಚ್ಚರಿಕೆಗಳು. ಹಲವು ಹಳೆಯ ಜೀಪುಗಳಲ್ಲಿ ಎಡಗಡೆಯ ಚಕ್ರದ ನಟ್ಟುಗಳು ಎಡಮರೆಯವು, ಅಂದರೆ ಬಿಚ್ಚಲು ತಿರುವಬೇಕಾದದ್ದು ಬಲಕ್ಕೆ. ತಿಳಿಯದೆ ಕೊಳವೆ ಸೇರಿಸಿ ಒತ್ತಿದರೆ ಸ್ಟಡ್ಡೇ ಮುರಿಯುತ್ತದೆ. ಇನ್ನೊಂದು, ಹಿಂದಿನ ಆಕ್ಸಲಿನ ತುದಿ ಮೊನಚಾಗಿದ್ದು ಹಬ್ಬು ಒಂದು ಕೀಲಿಯ ಮೇಲೆ ಕೂರುತ್ತದೆ. ತುದಿಯ ದೊಡ್ಡ ನಟ್ಟು ಸ್ವಲ್ಪ ಸಡಿಲವಾದರೂ ಕೀಲಿ ಕತ್ತರಿಸಿ ಚಕ್ರ ಹಿಡಿತ ಬಿಡುತ್ತದೆ. ಇದನ್ನು ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿಸಿ, ಪಿನ್ನು ಹಾಕಿಸತಕ್ಕದ್ದು.

5. ಗೇರುಪೆಟ್ಟಿಗೆ ಮತ್ತು ಟ್ರಾನ್ಸ್‌ಫರ್ ಕೇಸು

ಜೀಪಿನ ನಿಜವಾದ ಬಲ ಇಂಜಿನಿನಲ್ಲಿಲ್ಲ, ಇಲ್ಲಿದೆ. ಮೂರು ಗೇರಿನ ಹಳೆಯ ಪೆಟ್ಟಿಗೆಯಲ್ಲಿ ಮೊದಲ ಗೇರಿನ ಅನುಪಾತ 2.80, ಟ್ರಾನ್ಸ್‌ಫರ್ ಕೇಸಿನ ಲೋ ಅನುಪಾತ 2.46, ಆಕ್ಸಲಿನದು 5.38. ಮೂರನ್ನೂ ಗುಣಿಸಿದರೆ ಸುಮಾರು 37. ಅಂದರೆ ಇಂಜಿನು 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಇಂಜಿನು ನಿಮಿಷಕ್ಕೆ 1,000 ಸುತ್ತು ತಿರುಗುತ್ತಿರುವಾಗ ಚಕ್ರ 27 ಸುತ್ತು, ಮೂಲದ 6.00-16 ಟೈರಿನ ಸುತ್ತಳತೆ ಸುಮಾರು 2.2 ಮೀಟರು ಎಂದಿಟ್ಟರೆ ವೇಗ ಗಂಟೆಗೆ ಮೂರೂವರೆ ಕಿಲೋಮೀಟರು, ಮನುಷ್ಯ ನಡೆಯುವುದಕ್ಕಿಂತ ನಿಧಾನ. ಅದೇ ಮೊದಲ ಗೇರು ಹೈನಲ್ಲಿದ್ದರೆ ಸುಮಾರು ಎಂಟೂಮುಕ್ಕಾಲು ಕಿಲೋಮೀಟರು.

ಈ ಲೆಕ್ಕ ಹತ್ತುವುದಕ್ಕಿಂತ ಹೆಚ್ಚಾಗಿ ಇಳಿಯುವುದಕ್ಕೆ ಬೇಕು. ಲೋ ಹಾಕಿ ಮೊದಲ ಗೇರಿನಲ್ಲಿ ಇಳಿದರೆ ಇಂಜಿನೇ ಜೀಪನ್ನು ಹಿಡಿಯುತ್ತದೆ, ಅದೂ ನಾಲ್ಕೂ ಚಕ್ರದ ಮೂಲಕ. ಬ್ರೇಕು ಬಿಸಿಯಾಗುವುದಿಲ್ಲ. ನಾವು ದರೆಗೆ ಗುದ್ದಿದ ದಿನ ಹೈನಲ್ಲಿ, ಎರಡನೆಯ ಗೇರಿನಲ್ಲಿ ಇಳಿಯುತ್ತಿದ್ದೆವು. ಲೋ ಹಿಡಿ ಕೈಯಳತೆಯಲ್ಲೇ ಇತ್ತು, ಬಳಸಲಿಲ್ಲ. ಮುಂದಿನ ಆಕ್ಸಲನ್ನು ಜೋಡಿಸಿದ ಮೇಲಷ್ಟೇ ಲೋ ಬೀಳುವಂತೆ ಈ ಪೆಟ್ಟಿಗೆಯೊಳಗೆ ತಡೆ ಇದೆ. ಆದುದರಿಂದ ಇಳಿಜಾರಿನ ನೆತ್ತಿಯಲ್ಲಿ ಪೂರ್ತಿ ನಿಲ್ಲಿಸಿ, ಎರಡನ್ನೂ ಹಾಕಿಕೊಂಡು ಇಳಿಯಿರಿ. ನಡುದಾರಿಯಲ್ಲಿ ನ್ಯೂಟ್ರಲ್ ಮಾಡಿ ಹುಡುಕುವುದು ಸಾವನ್ನು ಕರೆದಂತೆ.

ಡಾಂಬರು ಸಿಕ್ಕಿದೊಡನೆ ಮುಂದಿನ ಆಕ್ಸಲನ್ನು ಬಿಡಿಸಿರಿ. ಎರಡು ಆಕ್ಸಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ ಗಟ್ಟಿ ರಸ್ತೆಯ ತಿರುವಿನಲ್ಲಿ ಒಂದಕ್ಕೊಂದು ಜಗ್ಗಾಡಿ ಗೇರು ಮುರಿಯುತ್ತವೆ. ಮುಂದಿನ ಚಕ್ರಕ್ಕೆ ಬೀಗದ ಹಬ್ಬುಗಳಿದ್ದರೆ ಕೆಸರಿಗಿಳಿಯುವ ಮೊದಲೇ ಎರಡನ್ನೂ ತಿರುವಿ ಹಾಕಿರಿ. ಗೇರುಪೆಟ್ಟಿಗೆಯ ಎಣ್ಣೆ ಕಡಿಮೆಯಾಗಿ ಟ್ರಾನ್ಸ್‌ಫರ್ ಕೇಸಿನದು ಹೆಚ್ಚಾಗಿದ್ದರೆ ಸಂತೋಷಪಡಬೇಡಿ. ನಡುವಿನ ಬೇರಿಂಗಿನ ಮೂಲಕ ಎಣ್ಣೆ ದಾಟುತ್ತಿದೆ. ಎರಡರ ಮಟ್ಟವನ್ನೂ ಒಟ್ಟಿಗೇ ನೋಡುತ್ತಿರಬೇಕು.

6. ಇಂಜಿನು

ಇಂಜಿನು ಪೂರ್ತಿ ಬಿಚ್ಚುವ ಮುನ್ನ ಕಂಪ್ರೆಶನ್ ಅಳೆಯಿರಿ. ನಾಲ್ಕು ಸಿಲಿಂಡರುಗಳೂ ಹೆಚ್ಚುಕಡಿಮೆ ಸಮನಿದ್ದರೆ ಬಿಚ್ಚುವ ಅವಸರ ಬೇಡ. ಒಂದು ಕಡಿಮೆ ತೋರಿಸಿದರೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಇಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಆಗ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವು ಸರಿಯಾಗಿ ಕೂರುತ್ತಿಲ್ಲ. ಈ ಒಂದು ಚಮಚ ಎಣ್ಣೆ ನಮಗೆ ಬೋರ್ ಮಾಡಿಸುವ ಖರ್ಚು ಉಳಿಸಿತು, ವಾಲ್ವು ಉಜ್ಜಿಸಿದಷ್ಟಕ್ಕೆ ಸರಿಹೋಯಿತು. ವರ್ಷಗಟ್ಟಲೆ ನಿಂತ ಇಂಜಿನನ್ನು ಸೆಲ್ಫ್ ಹೊಡೆದು ಎಬ್ಬಿಸಬೇಡಿ. ಪ್ಲಗ್ಗು ಕಳಚಿ, ಎಣ್ಣೆ ಬಿಟ್ಟು ಒಂದು ದಿನ ಬಿಟ್ಟು, ಕೈಯಿಂದ ತಿರುವಿ ನೋಡಿದ ಮೇಲೆ ಮುಂದಿನ ಮಾತು. ರೇಡಿಯೇಟರಿನ ತಳದ ಕೆಸರು ತೆಗೆಸಿರಿ. ಟ್ಯಾಂಕಿನೊಳಗಿನ ತುಕ್ಕು ತೆಗೆಯದೆ ಕಾರ್ಬುರೇಟರು ತೊಳೆದರೆ ವಾರದಲ್ಲಿ ಮತ್ತೆ ಅದೇ ಕೆಲಸ.

7. ಟೈರು, ಎತ್ತರ ಮತ್ತು ಆಸೆ

ಯುವ ಸದಸ್ಯರು ಹೆಚ್ಚಾಗಿ ಕೇಳುವುದು ಇದನ್ನೇ: ದೊಡ್ಡ ಟೈರು ಹಾಕಿ, ಜೀಪನ್ನು ಎತ್ತರಿಸಬಾರದೇ? ನಾವೂ ಹಾಕಿದ್ದೆವು, ತೆಗೆದೆವು. ಲೆಕ್ಕ ನೋಡಿರಿ. 28 ಅಂಗುಲ ಎತ್ತರದ ಟೈರಿನ ಬದಲು 32 ಅಂಗುಲದ್ದು ಹಾಕಿದರೆ ಅದೇ ಪೆಡಲು ಒತ್ತಿಗೆ ನೆಲದ ಮೇಲಿನ ಬ್ರೇಕಿನ ಹಿಡಿತ ಎಂಟರಲ್ಲಿ ಏಳು ಪಾಲಾಗುತ್ತದೆ. ಮೇಲೆ ಹೇಳಿದ 37ರ ಬಲವೂ 32ರಷ್ಟಕ್ಕೆ ಇಳಿಯುತ್ತದೆ. ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ.

ಇನ್ನು ಎತ್ತರದ ಮಾತು. ಈ ಜೀಪಿನ ಎರಡು ಚಕ್ರಗಳ ನಡುವಿನ ಅಗಲ ಸುಮಾರು 4 ಅಡಿ. ಭಾರದ ಕೇಂದ್ರ ನೆಲದಿಂದ 2 ಅಡಿ ಮೇಲಿದೆಯೆಂದು ಇಟ್ಟುಕೊಳ್ಳೋಣ. ಕಾಗದದ ಲೆಕ್ಕದಲ್ಲಿ 45 ಡಿಗ್ರಿ ವಾಲಿದಾಗ ಮಗುಚುತ್ತದೆ. 4 ಅಂಗುಲ ಎತ್ತರಿಸಿದರೆ ಸುಮಾರು 40 ಡಿಗ್ರಿ. ಚೀಲಗಳನ್ನು ರಾಶಿ ಹೇರಿ ಕೇಂದ್ರ ಇನ್ನೂ 6 ಅಂಗುಲ ಮೇಲೇರಿದರೆ ಸುಮಾರು 35. ಇದೆಲ್ಲ ನಿಂತ ಜೀಪಿನ ಲೆಕ್ಕ. ಓಡುತ್ತಿರುವಾಗ ಒಂದು ಚಕ್ರ ಕಲ್ಲೇರಿ ಇನ್ನೊಂದು ಗುಂಡಿಗಿಳಿದರೆ ಇದರ ಎಷ್ಟೋ ಒಳಗೇ ಮಗುಚುತ್ತದೆ. ಜೊತೆಗೆ ಜೀಪಿನ ಉದ್ದ ಗಿಡ್ಡ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 80 ಅಂಗುಲವಷ್ಟೇ. ಹಿಂದಿನ ಪ್ರೊಪೆಲ್ಲರ್ ಶಾಫ್ಟೂ ಗಿಡ್ಡ. ಬಾಡಿ ಎತ್ತರಿಸಿದಷ್ಟೂ ಶಾಫ್ಟು ಓರೆಯಾಗಿ ಅದರ ಜಾಯಿಂಟು ಬೇಗ ಸವೆಯುತ್ತದೆ.

ಹಾಗಾದರೆ ನಮ್ಮ ತೋಟಕ್ಕೆ ತಕ್ಕಂತೆ ಏನನ್ನೂ ಮಾಡಬಾರದೆಂದಲ್ಲ. ಆಳದ ಹಲ್ಲಿರುವ ಮೂಲ ಅಳತೆಯ ಟೈರು, ಚಾಸಿಗೇ ಬಿಗಿದ ಎಳೆಯುವ ಕೊಕ್ಕೆ, ಚೀಲ ಕಟ್ಟಲು ನೆಲಮಟ್ಟದಲ್ಲಿ ಬಳೆಗಳು, ಸೊಂಟದ ಬೆಲ್ಟು, ಮರದ ಹಾಸು, ಎತ್ತರಕ್ಕೆ ತಂದ ಬ್ರೀದರು, ಇವು ನಾವು ಮಾಡಿಕೊಂಡ ಬದಲಾವಣೆಗಳು. ನೋಡಿದವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಹೊಳೆದಾಟಿ, ಚೀಲ ಹೊತ್ತು, ಎಲ್ಲರನ್ನೂ ಮನೆಗೆ ತಲುಪಿಸುವುದೇ ಅದರ ವಿಶೇಷ.

ಮಳೆಗಾಲಕ್ಕೆ ಮೊದಲು ನೋಡಬೇಕಾದ್ದು

ಮೇ ತಿಂಗಳು ಮುಗಿಯುವುದರೊಳಗೆ, ಬೋರ್ಡೋ ಸಿಂಪಡಣೆಗೆ ಸುಣ್ಣ ಹೊಂದಿಸುವ ಹೊತ್ತಿಗೆ, ಜೀಪಿಗೂ ಒಂದು ಇಡೀ ದಿನ ಕೊಡಿರಿ.

ಮಾಸ್ಟರ್ ಸಿಲಿಂಡರಿನ ಎಣ್ಣೆಮಟ್ಟ ನೋಡುವುದು. ನಾಲ್ಕೂ ಡ್ರಮ್ಮು ಬಿಚ್ಚಿ ಶೂ ಒಣಗಿದೆಯೇ ನೋಡುವುದು. ಬ್ರೀದರುಗಳಲ್ಲಿ ಗಾಳಿ ಆಡುತ್ತದೆಯೇ ಊದಿ ನೋಡುವುದು. ಮುಂದಿನ ಚಕ್ರಗಳನ್ನು ಅಲ್ಲಾಡಿಸಿ ನೋಡುವುದು. ಗೇರುಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸು, ಎರಡು ಆಕ್ಸಲು, ಈ ನಾಲ್ಕರ ಎಣ್ಣೆಯ ಮಟ್ಟ ಮತ್ತು ಬಣ್ಣ ನೋಡುವುದು. ಕೊನೆಗೆ ಒಂದು ಸಣ್ಣ ಏರಿನಲ್ಲಿ, ಹೊರೆಯಿಲ್ಲದೆ, ನಾಲ್ಕು ಸಲ ನಿಲ್ಲಿಸಿ ನೇರವಾಗಿ ನಿಲ್ಲುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು. ನೇರವಾಗಿ ನಿಲ್ಲದ ಜೀಪು ತೋಟದ ಗೇಟು ದಾಟಕೂಡದು.

ನಮ್ಮ ಕೆಲಸಗಾರರು ಜೀಪಿನ ಹಿಂದೆ ಚೀಲಗಳ ಮೇಲೆ ಕೂತು ಬರುವುದು ವಾಡಿಕೆಯಾಗಿಬಿಟ್ಟಿದೆ. ನೋಂದಣಿ ಪುಸ್ತಕದಲ್ಲಿ ಬರೆದಷ್ಟು ಜನ ಮಾತ್ರ, ಅದೂ ಸೀಟಿನಲ್ಲಿ; ಇಳಿಜಾರಿನಲ್ಲಿ ಹೊರೆಯ ಮೇಲೆ ಯಾರೂ ಇಲ್ಲ. ಇದನ್ನು ನಮ್ಮ ಮೂರು ಮನೆಯಲ್ಲಿ ನಿಯಮವಾಗಿ ಇಟ್ಟುಕೊಂಡಿದ್ದೇವೆ. ಅಂದು ದರೆಗೆ ಗುದ್ದಿದಾಗ ಹಿಂದೆ ಯಾರೂ ಕೂತಿರಲಿಲ್ಲ. ಹಿಂದಿನ ದಿನ ಐವರು ಕೂತಿದ್ದರು.

ಮುರಿದ ಮುಂಗೈ ಕೂಡಿಕೊಂಡಿದೆ, ಅಡಿಕೆ ಸುಲಿಯಲು ತೊಂದರೆಯಿಲ್ಲ. ಮಳೆ ಹಿಡಿಯುವ ಮುನ್ನ ಮಾತ್ರ ಸ್ವಲ್ಪ ನೋಯುತ್ತದೆಯಂತೆ. ಆ ನೋವು ಬಂದಾಗಲೆಲ್ಲ ನಮಗೆ ಜೀಪಿನ ಡ್ರಮ್ಮು ಬಿಚ್ಚುವ ದಿನ ಬಂತೆಂದು ನೆನಪಾಗುತ್ತದೆ. ಹಳೆಯ ಜೀಪು ಮನೆಯಲ್ಲಿರುವ ಸದಸ್ಯರು ಇಂಥ ಪೆಟ್ಟು ತಿನ್ನದೆಯೇ ಆ ದಿನವನ್ನು ನೆನಪಿಟ್ಟುಕೊಳ್ಳಲಿ ಎಂಬುದೇ ನಮ್ಮ ಕೋರಿಕೆ.